ನೆನಪಲ್ಲಿ ಉಳಿಯೋ ಮೇಷ್ಟ್ರು ಕ್ಲಾಸಲ್ಲಿ ಮಾಡ್ತಿದ್ದುದೇನು? ಹೊಗಳಿಕೆ ಬೇಡ, ಕೆಲಸ ಹೇಳಿ

ಕರಿಹಲಗೆ:

ಸೆಪ್ಟೆಂಬರ್ 5 ಹತ್ತಿರ ಬಂತು ಅಂದರೆ ಸಾರೋಟಿನ ಕತೆ ಶುರು. 1921ರಲ್ಲಿ ರಾಧಾಕೃಷ್ಣನ್ ಮೈಸೂರಿನ ಮಹಾರಾಜಾ ಕಾಲೇಜು ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟಾಗ ಹುಡುಗರು ಕುದುರೆ ಬಿಚ್ಚಿ, ಹೂವಿನಿಂದ ಸಿಂಗರಿಸಿದ ಗಾಡಿಯನ್ನ ತಾವೇ ರೈಲ್ವೆ ಸ್ಟೇಷನ್ನಿಗೆ ಎಳೆದುಕೊಂಡು ಹೋದರು. ನಡೆದದ್ದೇ, ಚೆನ್ನಾಗಿಯೂ ಇದೆ. ಆದರೆ ಅದಕ್ಕೆ ಮುಂಚಿನ ಮೂರು ವರ್ಷ ಕ್ಲಾಸಿನೊಳಗೆ ಏನು ನಡೀತು ಅಂತ ಕೇಳಿದರೆ ಭಾಷಣ ಮಾಡುವವರು ತಡವರಿಸ್ತಾರೆ.

ಹಾಗಾಗಿ ಈ ಚರ್ಚೆಯ ಎಳೆ ಬೇರೆ ಥರ ಇರಲಿ. ನಾಲ್ಕನೇ ಕ್ಲಾಸಿಗೆ ಬಂದರೂ ಒಂದು ವಾಕ್ಯ ಓದಲಾರದ ಮಗು, ಸಂಕಲನ ಬಂದು ವ್ಯವಕಲನದಲ್ಲಿ ಸಿಕ್ಕಿಹಾಕಿಕೊಂಡ ಮಗು, ಇಂಥವರನ್ನ ದಡ ಹತ್ತಿಸಿದ ಟೀಚರ್‌ಗಳು ಎಲ್ಲ ಊರಲ್ಲೂ ಇದಾರೆ. ಅವರು ಕೈಯಾರೆ ಮಾಡುವುದು ಏನು? ಎಷ್ಟು ಹೊತ್ತು, ಯಾವ ಸಾಮಾನು, ಯಾವ ಅಕ್ಷರದಿಂದ ಶುರು? "ತಾಯಿಯಂತೆ ಪ್ರೀತಿಸಿದರು" ಅನ್ನುವ ಸಾಲು ಬಂದರೆ ಅಳಿಸಲಾಗುವುದು. (ತಮಾಷೆ. ಆದರೆ ಪೂರ್ತಿ ತಮಾಷೆಯೂ ಅಲ್ಲ.)

ಹುಣಸೆಬೀಜ:

ಒಳ್ಳೇ ಟೀಚರ್‌ನ ಮೊದಲ ಕೆಲಸ ಪಾಠ ಮಾಡೋದಲ್ಲ, ಮಗು ಎಲ್ಲಿ ನಿಂತಿದೆ ಅಂತ ಕಂಡುಹಿಡಿಯೋದು. "ಓದಕ್ಕೆ ಬರಲ್ಲ" ಅನ್ನೋದು ವೈದ್ಯರ ಹತ್ತಿರ ಹೋಗಿ "ಹುಷಾರಿಲ್ಲ" ಅಂದ ಹಾಗೆ. ಅದರಿಂದ ಔಷಧಿ ಬರೆಯಕ್ಕಾಗಲ್ಲ.

ಮಾಡೋ ರೀತಿ ಹೀಗೆ. ಒಂದು ಮಗುವಿಗೆ ಎರಡು ನಿಮಿಷ, ದಿನಕ್ಕೆ ಆರು ಮಕ್ಕಳು. ಮೂವತ್ತು ಜನರ ಕ್ಲಾಸು ಐದು ದಿನದಲ್ಲಿ ಮುಗಿಯುತ್ತೆ. ಮಿಕ್ಕವರು ಬರೀತಿರುವಾಗ ಒಬ್ಬೊಬ್ಬರನ್ನೇ ಮೇಜಿನ ಪಕ್ಕಕ್ಕೆ ಕರೀಬೇಕು. ಎಲ್ಲರ ಮುಂದೆ ನಿಲ್ಲಿಸಿ ಓದಿಸಿದರೆ ಬರೋ ಅಕ್ಷರವೂ ಹೋಗುತ್ತೆ. ನಾಲ್ಕು ಚೀಟಿ ಸಾಕು:

ಒಂದರಲ್ಲಿ ಬಿಡಿ ಅಕ್ಷರ ಹತ್ತು, ವರ್ಣಮಾಲೆ ಕ್ರಮದಲ್ಲಿ ಇರಕೂಡದು. ಎರಡನೇದರಲ್ಲಿ ಗುಣಿತಾಕ್ಷರವೇ ಇಲ್ಲದ ಪದಗಳು: ಮರ, ಬಸವ, ನಗರ. ಮೂರನೇದರಲ್ಲಿ ಗುಣಿತಾಕ್ಷರ: ಕೋಳಿ, ಮೈಸೂರು, ಸೀತಾಫಲ. ನಾಲ್ಕನೇದರಲ್ಲಿ ಒತ್ತಕ್ಷರ: ಅಜ್ಜಿ, ಪುಸ್ತಕ, ಭಕ್ತಿ.

ಎಲ್ಲಿ ನಿಲ್ಲುತ್ತೋ ಅಲ್ಲಿಂದ ಶುರು. ತಪ್ಪು ಓದಿದ್ದನ್ನ ಆಗಲೇ ತಿದ್ದಬೇಡಿ. ಮಗು ಏನಂತು ಅನ್ನೋದನ್ನ ಅಂದ ಹಾಗೇ ಬರೆದುಕೊಳ್ಳಿ. ಆ ಬರವಣಿಗೆಯೇ ಮುಂದಿನ ತಿಂಗಳ ಪಾಠ ಯೋಜನೆ.

ಇಲ್ಲಿ ಆಗೋ ದೊಡ್ಡ ಮೋಸ ಒಂದಿದೆ. ಮಗು "ಕ ಕಾ ಕಿ ಕೀ" ರಾಗವಾಗಿ ಹೇಳುತ್ತೆ, ಟೀಚರ್ "ಕಾಗುಣಿತ ಬರುತ್ತೆ" ಅಂತ ಟಿಕ್ ಹಾಕ್ತಾರೆ. ಸಾಲಿನ ನಡುವಿನ "ಕೆ" ಒಂದನ್ನೇ ತೋರಿಸಿ ನೋಡಿ. ಮಗು ತುಟಿಯಲ್ಲೇ ಕ ಕಾ ಕಿ ಕೀ ಕು ಕೂ ಕೃ ಅಂತ ಎಣಿಸಿಕೊಂಡು ಬಂದು ಕೆ ಹೇಳುತ್ತೆ. ಅದಕ್ಕೆ ಗೊತ್ತಿರೋದು ಹಾಡು, ಎತ್ವ ಅಲ್ಲ. 34 ವ್ಯಂಜನಕ್ಕೆ 15 ರೂಪದಂತೆ 510 ಆಕಾರ ಆಗುತ್ತೆ. ಅಷ್ಟನ್ನೂ ಹಾಡಾಗಿ ನೆನಪಿಟ್ಟುಕೊಳ್ಳೋದು ಯಾರಿಗೂ ಸಾಧ್ಯ ಇಲ್ಲ. ತಲೆಕಟ್ಟು, ಇಳಿ, ಗುಡಿಸು, ಕೊಂಬು, ಎತ್ವ ಇವನ್ನ ಒಂದೊಂದಾಗಿ ಹತ್ತು ವ್ಯಂಜನದ ಮೇಲೆ ಕೂರಿಸಿ ತೋರಿಸಬೇಕು: ಕೆ, ಮೆ, ತೆ, ಬೆ, ನೆ. ಕಾಗುಣಿತದ ಪಟ್ಟಿಯಲ್ಲಿ ಅಡ್ಡ ಸಾಲು ಬಿಟ್ಟು ಉದ್ದ ಸಾಲು ಓದಿಸಿದ ಹಾಗೆ.

ಕೊನೇ ಬೆಂಚು:

ಕರಿಹಲಗೆ ಸರ್, ಇದೆಲ್ಲ ಸರಿ. ಆದರೆ ಹಳೇ ಮೇಷ್ಟ್ರುಗಳು ಅ ಆ ಇ ಈ ತಿದ್ದಿಸಿ, ಮಗ್ಗಿ ಉರು ಹೊಡೆಸಿಯೇ ಅಷ್ಟು ಜನರನ್ನ ತಯಾರು ಮಾಡಿದ್ರಲ್ಲ? ಅವರ ಹತ್ತಿರ ಚೀಟಿ ಇತ್ತಾ?

ಮಲಪ್ರಭಾ:

ಕೊನೇ ಬೆಂಚು ಅವರ, ಆ ಅಷ್ಟು ಮಂದಿಯ ಲೆಕ್ಕ ಎಲ್ಲರೂ ಹೇಳ್ತಾರ್ರೀ. ಎರಡನೇತ್ತಕ್ಕ ಸಾಲಿ ಬಿಟ್ಟು ದನಾ ಕಾಯಾಕ ಹೋದವರ ಲೆಕ್ಕ ಯಾರೂ ಇಟ್ಟಿಲ್ಲ.

ನಾ ಒತ್ತಕ್ಷರದ ಮಾತಿಗೆ ಬರ್ತೀನಿ, ಯಾಕಂದ್ರ ನಾಲ್ಕನೇತ್ತದಾಗ ಮಕ್ಕಳು ಜಾಸ್ತಿ ಸಿಗಬೀಳೋದು ಇಲ್ಲೇ. ಮಗು "ಭಕ್ತಿ" ಅನ್ನೋದನ್ನ "ಭಕಿತ" ಅಂತ ಓದ್ತದ. ಮಾಸ್ತರು "ದಡ್ಡ" ಅಂತಾರ. ಅದು ದಡ್ಡತನ ಅಲ್ರೀ, ಕಣ್ಣಿಗೆ ಕಂಡಂಗ ನೆಟ್ಟಗ ಓದೇದ. ಗುಡಿಸು ಕೂತಿರೋದು ಕ ಮ್ಯಾಲೆ, ತ ಕೆಳಗ ಅದ. ಕಂಡ ಕ್ರಮದಾಗ ಓದಿದ್ರ ಕಿ, ಆಮ್ಯಾಲೆ ತ. ಆದ್ರ ಬಾಯಿ ಹೇಳೋ ಕ್ರಮ ಕ್, ತ್, ಇ. ಸ್ವರ ಬರಿಯೋದು ಮ್ಯಾಲಿನ ಅಕ್ಷರಕ್ಕ, ಉಚ್ಚಾರ ಮಾಡೋದು ಕೆಳಗಿನ ಅಕ್ಷರದ ನಂತರ. ಈ ಒಂದು ಮಾತು ಮಗುವಿಗೆ ಯಾರೂ ಬಿಡಿಸಿ ಹೇಳಿರೋದಿಲ್ಲ.

ಬಿಡಿಸಿ ಹೇಳೋದು ಹ್ಯಾಂಗ ಅಂದ್ರ ಮೂರು ರಟ್ಟಿನ ತುಂಡು. ಒಂದರ ಮ್ಯಾಲೆ ಕ, ಇನ್ನೊಂದರ ಮ್ಯಾಲೆ ತ ಒತ್ತು, ಮೂರನೇದು ಬರೇ ಗುಡಿಸು. ಮೊದಲ ಕ ಇಟ್ಟು "ಕ" ಅನ್ನಿಸ್ರಿ. ಒತ್ತು ಕೆಳಗ ಸೇರಿಸಿ "ಕ್ತ" ಅನ್ನಿಸ್ರಿ. ಕಡೀಕ ಗುಡಿಸು ಮ್ಯಾಲಿಟ್ಟು "ಕ್ತಿ". ಗುಡಿಸು ಕಡೀಕ ಬಂದದ್ದು ಮಗು ತನ್ನ ಕೈಲೇ ನೋಡ್ತದ. ಶಕ್ತಿ, ಕುಸ್ತಿ, ಆಸ್ತಿ, ಬಸ್ತಿ ಹಿಂಗ ಹತ್ತು ಪದ ಮಾಡಿಸ್ರಿ. ನಾಲ್ಕು ದಿನ ಸಾಕು, ದಿನಾ ಹದಿನೈದು ನಿಮಿಷ.

ಕ್ರಮಾನೂ ಮುಖ್ಯ. ಮೊದಲ ಸಜಾತಿ ಒತ್ತು, ಅದ್ರಾಗೂ ಅಕ್ಷರದ ಸಣ್ಣ ರೂಪನ ಇರೋವು: ಅಜ್ಜ, ಅಪ್ಪ, ಹಗ್ಗ, ಕಡ್ಡಿ, ಗುಬ್ಬಿ, ಹದ್ದು. ತಲೆಕಟ್ಟು ತಗದು ಸಣ್ಣದು ಮಾಡಿ ಕೆಳಗಿಟ್ರ ಆತು. ಆಮ್ಯಾಲೆ ಮಾರಿ ಬದಲಾಗೋ ಆರು ಒತ್ತು: ತ, ನ, ಮ, ಯ, ರ, ಲ. ಇವು ಮೂಲ ಅಕ್ಷರದಂಗ ಕಾಣೋದಿಲ್ಲ, ಬ್ಯಾರೆನ ಕಲಸಬೇಕು. ಅತ್ತೆ, ಅನ್ನ, ಅಮ್ಮ, ಅಯ್ಯ, ಹಲ್ಲು, ಚಕ್ರ. ಒಂದು ವಾರಕ್ಕ ಎರಡಕ್ಕಿಂತ ಜಾಸ್ತಿ ಬ್ಯಾಡ. ಈ ಆರೂ ಗಟ್ಟಿ ಆಗೋ ತನಕ "ರಾಷ್ಟ್ರ", "ಸ್ತ್ರೀ" ಅಂಥಾ ಎರಡೊತ್ತಿನ ಪದದ ಕಡೆ ಹೋಗಬ್ಯಾಡ್ರಿ.

ಕಬಿನಿ:

ಕೊನೇ ಬೆಂಚು ಅವರ ಅ ಆ ಇ ಈ ಪ್ರಶ್ನೆಗೆ ನಮ್ಮ ರಾಜ್ಯದ ಟೀಚರ್‌ಗಳೇ ಕೊಟ್ಟ ಉತ್ತರ ಒಂದಿದೆ: ರ ಗ ಸ ದ ಅ.

ಕನ್ನಡದಲ್ಲಿ ಬಿಡಿ ಸ್ವರ ಬರೋದು ಪದದ ಮೊದಲಲ್ಲಿ ಮಾತ್ರ. ಹದಿಮೂರು ಸ್ವರ ಕಲಿತ ಮೇಲೂ ಮಗುವಿಗೆ ಎರಡಕ್ಷರದ ಒಂದು ಪದ ಓದಲು ಸಿಗಲ್ಲ. ಒಂದು ತಿಂಗಳು ತಿದ್ದಿ ತಿದ್ದಿ ಕೈ ನೋವು, ಓದಿದ ಖುಷಿ ಸೊನ್ನೆ. ಅದೇ ರ, ಗ, ಸ ಮೂರೇ ಬಂದರೆ ರಸ, ಸರ, ಗರಗಸ. ದ ಸೇರಿದರೆ ದರ, ಗದಗ. ಅ ಸೇರಿದರೆ ಅರಸ, ಅಗಸ. ಮುಂದಿನ ಗುಂಪು ಜ ವ ಮ ಬ ನ ಬಂತೋ, ಜನ, ವನ, ಮರ, ನಗರ, ಬಸವ. ಒಂದು ಗುಣಿತಾಕ್ಷರ ಇಲ್ಲದೆ ಮಗು ಊರ ಹೆಸರು, ಗೆಳೆಯನ ಹೆಸರು ಓದುತ್ತೆ. ಬರೆಯೋ ಕೈಗೂ ಸುಲಭ. ರ ಬರೆದ ಕೈಗೆ ದ, ಅ ಹತ್ತಿರದ ತಿರುವುಗಳೇ.

ಇದು ನಲಿಕಲಿಯ ಕ್ರಮ, ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳಲ್ಲಿ ಕಾರ್ಡು ಹಿಡಿದು ಕಲಿಯೋ ಪದ್ಧತಿ. ಅದರ ವಂಶಾವಳಿಯೂ ಈ ಎಳೆಗೆ ಸೇರಿದ್ದೇ. ಡೇವಿಡ್ ಹಾರ್ಸ್‌ಬರೋ ಅನ್ನೋ ಇಂಗ್ಲೆಂಡಿನ ಮೇಷ್ಟ್ರು 1972ರಲ್ಲಿ ಕೋಲಾರ ಜಿಲ್ಲೆಯ ಮೂಲೆಯಲ್ಲಿ ನೀಲ್ ಬಾಗ್ ಅಂತ ಒಂದು ಪುಟ್ಟ ಶಾಲೆ ಶುರು ಮಾಡಿದ್ರು. ಪರೀಕ್ಷೆ ಇಲ್ಲ, ರ‍್ಯಾಂಕ್ ಇಲ್ಲ, ಬೇರೆ ಬೇರೆ ವಯಸ್ಸಿನ ಹಳ್ಳಿ ಮಕ್ಕಳು ಒಂದೇ ಕೋಣೆಯಲ್ಲಿ, ಓದಿನ ಜೊತೆ ಮರಗೆಲಸ, ಹೊಲಿಗೆ, ಹಾಡು. ಅದರ ಪ್ರಭಾವ ಗಡಿಯಾಚೆ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಗೆ ಹೋಯ್ತು. 1995ರಲ್ಲಿ ಯುನಿಸೆಫ್ ನೆರವಿನಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಸರ್ಕಾರಿ ಶಾಲೆ ಟೀಚರ್‌ಗಳು ಅಲ್ಲಿಗೆ ಹೋಗಿ ನೋಡಿ ಬಂದು, ನಮ್ಮ ಅಕ್ಷರಕ್ಕೆ, ನಮ್ಮ ಪಠ್ಯಕ್ಕೆ ಹೊಂದೋ ಕಾರ್ಡುಗಳನ್ನ ತಾವೇ ಬರೆದ್ರು. 2009ರ ಹೊತ್ತಿಗೆ ಅದು ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ಕ್ಲಾಸಿಗೆ ಬಂತು, ಆಮೇಲೆ ಮೂರನೇದಕ್ಕೂ. ಇವತ್ತು ನಲಿಕಲಿ ಕೋಣೆಯಲ್ಲಿ ಕೂತ ಮಗುವಿಗೆ ಹಾರ್ಸ್‌ಬರೋ ಹೆಸರು ಗೊತ್ತಿಲ್ಲ, ಕೋಟೆಯ ಆ ಟೀಚರ್‌ಗಳ ಹೆಸರೂ ಗೊತ್ತಿಲ್ಲ. ಕಾರ್ಡು ಮಾತ್ರ ಕೈಯಲ್ಲಿದೆ.

ಕೋಣೆಯೊಳಗಿನ ಏರ್ಪಾಡು ಹೇಳ್ತೀನಿ. ಗೋಡೆಯಲ್ಲಿ ಕಲಿಕಾ ಏಣಿ, ಮೆಟ್ಟಿಲಿಗೊಂದು ಚಿಹ್ನೆ. ಮಗು ತಾನಿರೋ ಮೆಟ್ಟಿಲು ನೋಡಿ ಅದೇ ಚಿಹ್ನೆಯ ಕಾರ್ಡು ತಾನೇ ತಗೊಳ್ಳುತ್ತೆ. ಕೂರಲು ಐದು ತಟ್ಟೆ, ಅಂದರೆ ಐದು ಗುಂಪು: ಶಿಕ್ಷಕರ ಪೂರ್ಣ ಸಹಾಯ, ಶಿಕ್ಷಕರ ಭಾಗಶಃ ಸಹಾಯ, ಸಹಪಾಠಿಗಳ ಪೂರ್ಣ ಸಹಾಯ, ಸಹಪಾಠಿಗಳ ಭಾಗಶಃ ಸಹಾಯ, ಸ್ವಕಲಿಕೆ. ಗೋಡೆಯ ಬುಡದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪು ಬಣ್ಣ ಬಳಿದ ಹಲಗೆ, ಮೇಲೆ ಮಕ್ಕಳು ಮಾಡಿದ್ದನ್ನ ತೂಗುಹಾಕೋ ಚಪ್ಪರ. ಹತ್ತು ದಿನ ಶಾಲೆ ತಪ್ಪಿಸಿದ ಮಗು ವಾಪಸ್ ಬಂದಾಗ ಬಿಟ್ಟ ಮೆಟ್ಟಿಲಿಂದಲೇ ಹತ್ತುತ್ತೆ. ಕಾಫಿ ಕುಯ್ಲಿಗೆ ಅಪ್ಪ ಅಮ್ಮನ ಜೊತೆ ಕೊಡಗಿಗೆ ಹೋಗೋ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಕೊನೇ ಬೆಂಚು:

ಬಹಳ ಕಡೆ ಅದು ಹಾಳಾಗಿದ್ದೂ ನೋಡಿದೀವಲ್ಲ ಮೇಡಂ? ಮಕ್ಕಳು ಆಟ ಆಡ್ಕೊಂಡಿರ್ತವೆ ಅಂತ ಪೋಷಕರ ದೂರು.

ಕಬಿನಿ:

ಹಾಳಾಗುತ್ತೆ, ಯಾಕೆ ಅಂತಲೂ ಗೊತ್ತಿರೋದೇ. ಮೊದಲನೇದು ಕಾರ್ಡು ಕಳೆಯೋದು. ಏಣಿಯ ನಡುವೆ ಮೂರು ಕಾರ್ಡು ಇಲ್ಲ ಅಂದ್ರೆ ಮಗು ಹಾರಿ ಹೋಗುತ್ತೆ, ಆ ಗುಂಡಿ ಹಾಗೇ ಉಳಿಯುತ್ತೆ. ವಾರಕ್ಕೊಂದು ಸಲ, ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ, ಮಕ್ಕಳ ಕೈಲೇ ಕಾರ್ಡು ಎಣಿಸಿ ಜೋಡಿಸಿದರೆ ಇದು ತಪ್ಪುತ್ತೆ. ಎರಡನೇದು, ನಲವತ್ತು ಮಕ್ಕಳಿಗೆ ಒಬ್ಬರೇ ಟೀಚರ್ ಆದಾಗ ಶಿಕ್ಷಕರ ಸಹಾಯದ ತಟ್ಟೆಯಲ್ಲೇ ಹದಿನೈದು ಜನ ಕೂತಿರ್ತಾರೆ. ಆಗ ಐದು ತಟ್ಟೆ ಅನ್ನೋದು ಹೆಸರಿಗೆ. ಮೂರನೇದು ಅತಿ ಕೆಟ್ಟದ್ದು: ತಪಾಸಣೆ ಭಯಕ್ಕೆ ಪ್ರಗತಿ ನೋಟ ಮುಂಚೆನೇ ತುಂಬಿಸೋದು. ಕಾಗದದ ಮೇಲೆ ಮಗು ನಲವತ್ತನೇ ಮೆಟ್ಟಿಲು, ನಿಜಕ್ಕೆ ಹನ್ನೆರಡು. ಮುಂದಿನ ವರ್ಷದ ಟೀಚರ್ ಆ ಕಾಗದ ನಂಬಿ ಶುರು ಮಾಡ್ತಾರೆ.

ನೇತ್ರಾವತಿ:

ಇನ್ನೊಂದು ಸಂಗತಿ ಸೇರಿಸುತ್ತೇನೆ. ನಮ್ಮ ದಕ್ಷಿಣ ಕನ್ನಡದಲ್ಲಿ ಒಂದನೇ ತರಗತಿಗೆ ಬರುವ ಮಗುವಿನ ಮನೆಮಾತು ತುಳು, ಕೊಂಕಣಿ, ಬ್ಯಾರಿ ಯಾವುದೂ ಇರಬಹುದು. ಹೆಗ್ಗಡದೇವನಕೋಟೆಯ ಕಡೆ ಜೇನುಕುರುಬ ಮಕ್ಕಳಿಗೂ ಇದೇ ಪಾಡು. "ಓದಲು ಬರುವುದಿಲ್ಲ" ಎನ್ನುವ ಮೊದಲು ಆ ಪದ ಮಗುವಿಗೆ ಗೊತ್ತೇ ಎಂದು ನೋಡಬೇಕು. ಬಲ್ಲ ಮಾಷ್ಟ್ರುಗಳು ಚಿತ್ರ ತೋರಿಸಿ "ನಿಮ್ಮ ಮನೆಯಲ್ಲಿ ಇದಕ್ಕೆ ಏನು ಹೇಳುತ್ತೀರಿ?" ಎಂದು ಕೇಳಿ, ಮಗು ಹೇಳಿದ ಶಬ್ದವನ್ನೂ ಕನ್ನಡ ಲಿಪಿಯಲ್ಲೇ ಹಲಗೆಯ ಮೇಲೆ ಬರೆಯುತ್ತಾರೆ. ಕನ್ನಡ ಶಬ್ದ ಅದರ ಪಕ್ಕದಲ್ಲಿ. ತನ್ನ ಮಾತಿಗೂ ಅಕ್ಷರ ಉಂಟು ಎಂದು ಕಂಡ ಮಗು ಬಾಯಿ ಬಿಡುತ್ತದೆ.

ಪಂಜೆ ಮಂಗೇಶರಾಯರನ್ನು ನಾವು ಕವಿ ಎಂದೇ ನೆನೆಯುತ್ತೇವೆ. ಅವರು ಅಧ್ಯಾಪಕರು, ಶಾಲಾ ಇನ್‌ಸ್ಪೆಕ್ಟರ್ ಕೂಡ. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದ್ದು ತರಗತಿಗೆ ಬೇಕಾದ ಹಾಡು, ಕತೆ ಇಲ್ಲ ಎಂಬ ಕೊರತೆ ಬಲ್ಲವರು. ಹಾಡನ್ನು ಓದಿಗೆ ತಿರುಗಿಸುವ ಕೆಲಸ ಮಾತ್ರ ಮಾಷ್ಟ್ರದ್ದೇ: ಮೊದಲ ಎರಡು ದಿನ ಬರೀ ಹಾಡು, ಮೂರನೇ ದಿನ ಹಲಗೆಯ ಮೇಲೆ ನಾಲ್ಕೇ ಸಾಲು, ಹಾಡುತ್ತಾ ಪ್ರತಿ ಪದದ ಕೆಳಗೆ ಕೋಲು. ನಾಲ್ಕನೇ ದಿನ ಹಾಡಿಸದೆ, ನಡುವಿನ ಒಂದು ಪದಕ್ಕೆ ಕೋಲು ಇಟ್ಟು ಕೇಳಬೇಕು. ಇಲ್ಲದಿದ್ದರೆ ಹುಣಸೆಬೀಜ ಅವರು ಹೇಳಿದ "ಕ ಕಾ ಕಿ" ಮೋಸವೇ ಇಲ್ಲಿಯೂ ಆಗುತ್ತದೆ.

ಉಚ್ಚಾರಕ್ಕೆ ಮಕ್ಕಳನ್ನು ನಗೆಗೀಡು ಮಾಡುವುದು ಬೇಡ. ಹಳೇ ಮೈಸೂರಿನ ಕಡೆ ಹಾಸನ "ಆಸನ" ಆಗುತ್ತದೆ. ಎರಡೂ ಪದ ಬರೆದು, ಅಂಗೈ ಬಾಯಿಯ ಮುಂದೆ ಹಿಡಿಸಿ, "ಹಾ" ಎಂದಾಗ ಬಿಸಿ ಗಾಳಿ ತಾಗುವುದನ್ನು ತೋರಿಸಿದರೆ ಸಾಕು.

ಹುಣಸೆಬೀಜ:

ಈಗ ಲೆಕ್ಕ. 52ರಲ್ಲಿ 27 ಕಳೆ ಅಂದರೆ ಮಗು 35 ಬರೆಯುತ್ತೆ. ಅಜಾಗರೂಕತೆ ಅಲ್ಲ. ಅದಕ್ಕೊಂದು ನಿಯಮ ಇದೆ, ತಪ್ಪು ನಿಯಮ: "ದೊಡ್ಡದರಲ್ಲಿ ಚಿಕ್ಕದನ್ನ ಕಳೆ". 2ರಲ್ಲಿ 7 ಹೋಗಲ್ಲ, ಆದ್ದರಿಂದ 7ರಲ್ಲಿ 2. ಆ ನಿಯಮ ಯಾರು ಕಲಿಸಿದ್ದು? ಒಂದನೇ ಕ್ಲಾಸಲ್ಲಿ ನಾವೇ. ಇಂಥ ಹತ್ತು ಲೆಕ್ಕ ಕೊಟ್ಟು ನೋಡಿ, ಹತ್ತೂ ಒಂದೇ ರೀತಿ ತಪ್ಪಾಗಿರುತ್ತೆ. 503ರಲ್ಲಿ 127 ಕಳೆದರೆ ಅದೇ ಮಗು 424 ಅನ್ನುತ್ತೆ. ತಪ್ಪು ಒಂದೇ ಥರ ಬರ್ತಿದೆ ಅಂದ್ರೆ ಮಗು ಯೋಚನೆ ಮಾಡ್ತಿದೆ, ಸಂತೋಷಪಡಿ.

ಸಾಮಾನು: ಒಂದು ತೆಂಗಿನ ಪೊರಕೆ, ಹತ್ತಾರು ರಬ್ಬರ್ ಬ್ಯಾಂಡು. ಗೇಣುದ್ದ ಕತ್ತರಿಸಿದ ಕಡ್ಡಿ ನೂರು, ಹತ್ತರ ಕಟ್ಟು ಮಗುವೇ ಕಟ್ಟಬೇಕು. (ಕಟ್ಟಿರೋ ಕಟ್ಟು ಕೊಟ್ಟರೆ ಅದರಲ್ಲಿ ಹತ್ತಿದೆ ಅಂತ ಮಗು ನಂಬಲ್ಲ, ಎಣಿಸುತ್ತೆ.) ಐದು ಕಟ್ಟು, ಎರಡು ಬಿಡಿ. ಏಳು ಕಡ್ಡಿ ಕೊಡು ಅನ್ನಿ. ಇರೋದು ಎರಡೇ. ಸುಮ್ಮನಿರಿ. ಇಲ್ಲಿ "ದಶಕ ತಗೋ" ಅಂತ ಬಾಯಿ ಹಾಕಿದರೆ ಪಾಠ ಕೆಟ್ಟಿತು. ಮಗು ತಾನೇ ಒಂದು ಕಟ್ಟು ಬಿಚ್ಚುತ್ತೆ, ಬಿಡಿ ಹನ್ನೆರಡಾಗುತ್ತೆ, ಏಳು ಕೊಟ್ಟರೆ ಐದು. ಉಳಿದ ನಾಲ್ಕು ಕಟ್ಟಲ್ಲಿ ಎರಡು ಕೊಟ್ಟರೆ ಎರಡು. 25. ಕಡ್ಡಿಯಲ್ಲಿ ಮಾಡಿದ ತಕ್ಷಣ ಪಕ್ಕದಲ್ಲೇ ಅಂಕಿಯಲ್ಲಿ ಬರೆಸಬೇಕು: 5 ಹೊಡೆದು 4, 2ರ ಜಾಗದಲ್ಲಿ 12. ಕಡ್ಡಿ ಆಟ ಇವತ್ತು, ಪುಸ್ತಕದ ಲೆಕ್ಕ ಮುಂದಿನ ವಾರ ಅಂತ ಬಿಟ್ಟರೆ ಎರಡೂ ಬೇರೆ ಬೇರೆ ವಿದ್ಯೆ ಆಗ್ತವೆ. ಇದೇ ಬಹಳ ಕಡೆ ಆಗೋದು. 503 ಥರದ್ದಕ್ಕೆ ನೂರರ ಕಟ್ಟು ಬಿಚ್ಚಿ ಹತ್ತು ಕಟ್ಟು, ಅದರಲ್ಲೊಂದು ಬಿಚ್ಚಿ ಹತ್ತು ಬಿಡಿ. ಎರಡು ಸಲ ಬಿಚ್ಚಬೇಕು ಅನ್ನೋದು ಕೈಗೆ ಗೊತ್ತಾದ ಮೇಲೆ 376 ತಪ್ಪಲ್ಲ.

"ನೂರ ಐದು" ಬರೆ ಅಂದರೆ 1005 ಬರೆಯೋ ಮಗುವಿಗೆ ಎರಡು ಚೀಟಿ: 100 ಅಗಲದ್ದು, 5 ಸಣ್ಣದು. ಕೊನೇ ಸೊನ್ನೆ ಮೇಲೆ 5 ಕೂರಿಸಿ. ಐದು ನಿಮಿಷದ ಕೆಲಸ.

ಇಂಗ್ಲಿಷ್ ಮೀಡಿಯಂ ಮಕ್ಕಳು ಫಿಫ್ಟೀನ್ ಅಂದರೆ 51 ಬರೆಯೋದು ಬೇರೆ ರೋಗ. ಅಲ್ಲಿ ಐದು ಮೊದಲು ಕೇಳಿಸುತ್ತೆ. ನಮ್ಮ "ಹದಿನೈದು"ದಲ್ಲಿ ಹತ್ತೇ ಮೊದಲು.

ಸೀಮೆಸುಣ್ಣ:

ವಿಜ್ಞಾನದ್ದು ಯಾರೂ ಹೇಳಲಿಲ್ಲ. ಪ್ರಶ್ನೆ ಕೇಳಿಸಿದ ಮೇಷ್ಟ್ರು ಅಂದರೆ ನನಗೆ ಎಚ್. ನರಸಿಂಹಯ್ಯನವರೇ. 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಅಧ್ಯಾಪಕರಾಗಿ ಸೇರಿದರು, ಅಮೆರಿಕದ ಓಹಾಯೋದಲ್ಲಿ ಡಾಕ್ಟರೇಟ್ ಮಾಡಿಕೊಂಡು ಮತ್ತೆ ಅಲ್ಲಿಗೇ ಬಂದರು, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದರು. ಕುಲಪತಿ ಆದರೂ ವಾಸ ಹಾಸ್ಟೆಲ್ ಕೋಣೆಯಲ್ಲೇ. ಅವರ ಒತ್ತು ಒಂದೇ, ಕೇಳದೆ ಒಪ್ಪಬೇಡ ಅನ್ನೋದು.

ಅದನ್ನ ಏಳನೇ ಕ್ಲಾಸಲ್ಲಿ ಮಾಡೋಕೆ ಮೋಂಬತ್ತಿ ಪ್ರಯೋಗ ತಗೊಳ್ಳಿ. ತಟ್ಟೆಯಲ್ಲಿ ಬಣ್ಣದ ನೀರು, ನಡುವೆ ಮೋಂಬತ್ತಿ, ಮೇಲೆ ಗಾಜಿನ ಲೋಟ ಕವುಚಿ. ಬತ್ತಿ ಆರುತ್ತೆ, ನೀರು ಏರುತ್ತೆ. "ಆಮ್ಲಜನಕ ಐದರಲ್ಲೊಂದು ಭಾಗ, ಅದು ಉರಿದುಹೋಯ್ತು, ನೀರು ಅಷ್ಟೇ ಏರಿತು" ಅಂತ ಎಷ್ಟೋ ಕಡೆ ಹೇಳಿಕೊಡ್ತಾರೆ. ತಪ್ಪು. ಮಕ್ಕಳಿಗೆ ನೋಡಿ ಹೇಳಿ ಅಂತ ಬಿಡಿ. ಬತ್ತಿ ಉರಿಯುವಾಗ ನೀರು ಅಷ್ಟಾಗಿ ಏರಲ್ಲ, ಆರುವ ಹೊತ್ತಿಗೆ, ಆರಿದ ಮೇಲೆ ಸರ್ರನೆ ಏರುತ್ತೆ. ಆಮ್ಲಜನಕ ಉರಿದೇ ಏರೋದಾದರೆ ಉರಿಯುವಾಗಲೇ ನಿಧಾನಕ್ಕೆ ಏರಬೇಕಿತ್ತಲ್ಲ? ಈಗ ಒಂದರ ಬದಲು ಮೂರು ಬತ್ತಿ ಇಡಿ. ನೀರು ಇನ್ನೂ ಮೇಲೆ ಹೋಗುತ್ತೆ. ಲೋಟದಲ್ಲಿ ಆಮ್ಲಜನಕ ಜಾಸ್ತಿ ಆಯ್ತಾ? ಲೋಟ ಕವುಚುವಾಗ ಅಂಚಿನಲ್ಲಿ ಗುಳ್ಳೆ ಬರೋದನ್ನ ಯಾರಾದರೂ ಒಬ್ಬ ನೋಡಿರ್ತಾನೆ. ಬಿಸಿಗೆ ಹಿಗ್ಗಿದ ಗಾಳಿ ಸ್ವಲ್ಪ ಹೊರಗೆ ಹೋಗಿದೆ, ಉಳಿದದ್ದು ತಣ್ಣಗಾಗಿ ಕುಗ್ಗಿದಾಗ ಹೊರಗಿನ ಒತ್ತಡ ನೀರನ್ನ ಒಳಗೆ ತಳ್ಳಿದೆ.

ಇದಕ್ಕೆ ಒಂದು ಪೀರಿಯಡ್ಡು ಪೂರ್ತಿ ಬೇಕು. ಪ್ರಶ್ನೆ ಕೇಳಿದ ಮೇಲೆ ಮನಸ್ಸಲ್ಲೇ ಐದು ಎಣಿಸೋವರೆಗೆ ಟೀಚರ್ ಬಾಯಿ ತೆರೆಯಬಾರದು. ಅರ್ಧ ಜನ ಟೀಚರ್‌ಗಳು ಸೋಲೋದು ಅಲ್ಲೇ, ತಾವೇ ಉತ್ತರ ಹೇಳಿಬಿಡ್ತಾರೆ.

ಕರಿಹಲಗೆ:

ಇದೆಲ್ಲ ಒಟ್ಟುಗೂಡಿಸ್ತಿದೀನಿ. ಮಲಪ್ರಭಾ ಅವರೇ, ಅರ್ಕಾವೊತ್ತು ಬಿಟ್ಟಿರಿ. ನೋಟ್‌ಬುಕ್ ತಿದ್ದೋದರ ಬಗ್ಗೆಯೂ ಯಾರಾದರೂ ಹೇಳಿ.

ಸೀಮೆಸುಣ್ಣ:

ನಲವತ್ತು ನೋಟ್‌ಬುಕ್, ಒಂದಕ್ಕೆ ಎರಡು ನಿಮಿಷ ಅಂದರೂ ಎಂಬತ್ತು ನಿಮಿಷ. ದಿನಾ ಆಗದ ಮಾತು, ಅದಕ್ಕೇ ಎಲ್ಲರೂ ಕೆಂಪು ಗೀಟು ಎಳೆದು ಸಹಿ ಹಾಕೋದು. ಒಂದು ದಿನ ಒಂದೇ ಬಗೆಯ ತಪ್ಪು ನೋಡಿ: ಇವತ್ತು ದೀರ್ಘ ಮಾತ್ರ, ನಾಳೆ ಒತ್ತು ಮಾತ್ರ. ತಪ್ಪಿನ ಮೇಲೆ ಗೀಟು ಬೇಡ, ಆ ಸಾಲಿನ ಅಂಚಿನಲ್ಲಿ ಒಂದು ಚುಕ್ಕೆ ಇಡಿ. ಎಲ್ಲಿ ತಪ್ಪಿದೆ ಅಂತ ಮಗುವೇ ಹುಡುಕಲಿ.

ಮಲಪ್ರಭಾ:

ಅರ್ಕಾವೊತ್ತಿನ ತಕರಾರು ಭಕ್ತಿಗಿಂತ ಉಲ್ಟಾ ಅದರೀ. ಬರಿಯೋದು ಅಕ್ಷರದ ಬಲಕ್ಕ, ಓದೋದು ಆ ಅಕ್ಷರಕ್ಕಿಂತ ಮೊದಲ. ಕರ್ನಾಟಕ ಅನ್ನೋದನ್ನ ಮಗು "ಕನಾರ್ಟಕ" ಅಂತದ. ನಾಲ್ಕು ಅಂಗಡಿ ಬೋರ್ಡ್ ನೋಡ್ರಿ, ಕನ್ನಡದ ಅಂಕಿ ೯ ಟೈಪ್ ಮಾಡಿ ಅರ್ಕಾವೊತ್ತು ಅಂತ ಕೂಡಿಸಿರ್ತಾರ, ದೊಡ್ಡವರಿಗೇ ಗೊತ್ತಿಲ್ಲ.

ಮೊದಲ ರ ಕೆಳಗ ಒತ್ತು ಕೊಟ್ಟು ಬರೀರಿ: ಸೂರ‍್ಯ, ಕರ‍್ನಾಟಕ. ಅದೂ ಸರಿಯಾದ ರೂಪನ, ಮಗು ತಪ್ಪಿಲ್ಲದ ಓದ್ತದ. ಮೂರು ದಿನ ಆದ ಮ್ಯಾಲೆ ಅದರ ಕೆಳಗ ಅರ್ಕಾವೊತ್ತಿನ ರೂಪ ಬರದು ಎರಡೂ ಒಂದ ಅಂತ ತೋರಸ್ರಿ. ಓದೋ ಮುಂದ ಬೆರಳು ಅರ್ಕಾವೊತ್ತಿನ ಮ್ಯಾಲಿಂದ ಹಿಂದಿನ ಅಕ್ಷರದ ಎಡಕ್ಕ ಒಮ್ಮೆ ಜಿಗಿಬೇಕು: ಬೆರಳು ಜಿಗಿತು, "ರ್" ಅನ್ನು, ಆಮ್ಯಾಲೆ ಅಕ್ಷರ. ಶುರುವಿಗೆ ಎರಡಕ್ಷರದ ಪದ ಇರಲಿ. ಸೂರ್ಯ, ವರ್ಷ, ಪರ್ಸು, ಕುರ್ಚಿ, ಸರ್ಪ. ಕುರ್ಚಿ ಮಾತ್ರ ಕಡೀಕ ಇಡ್ರಿ, ಅದ್ರಾಗ ಗುಡಿಸೂ ಅದ, ಅರ್ಕಾವೊತ್ತೂ ಅದ.